ಮಿರಗದ ಏರು ಮೀನಿಗೆ ಎರಡು ತಿಂಗಳು ಬಿಡುವು ಕೊಡ್ರಿ

ಈ ಸಲ ಭತ್ತದ ಬಗ್ಗೆ ಅಲ್ಲ, ತೊಗರಿ ಬಗ್ಗೆನೂ ಅಲ್ಲ, ಮೀನಿನ ಬಗ್ಗೆ ಬರೀತಿದೀನಿ. ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ. ಮಿರಗಕ್ಕ ಇನ್ನ ಹತ್ತು ದಿನ ಐತಿ. ಅದರೊಳಗ ಓದಿದ್ರ ಬರೆದದ್ದು ಉಪಯೋಗಕ್ಕ ಬರ್ತದ.

ಹೋದ ತಿಂಗಳು ನಮ್ಮ ಅಕ್ಕನ ಮಗ ಅಮೆರಿಕಾದಿಂದ ಒಂದು ವಿಡಿಯೋ ಕಳಿಸಿದ್ದ. ಒರೆಗಾನ್ ಅಂತ ರಾಜ್ಯ, ಅಲ್ಲಿ ಕಂಪ್ಯೂಟರ್ ಕೆಲಸ. ಸೊಂಟದ ಮಟ ತಣ್ಣೀರಾಗ ರಬ್ಬರ್ ಪ್ಯಾಂಟ್ ಹಾಕ್ಕೊಂಡು ನಿಂತು ಗಾಳ ಬೀಸ್ತಾನ. ಮೀನಿನ ಹೆಸರು ಸ್ಟೀಲ್‌ಹೆಡ್. ಹೊಳಿಯಾಗ ಹುಟ್ಟಿ, ಸಮುದ್ರಕ್ಕ ಹೋಗಿ ಬೆಳೆದು, ಮೊಟ್ಟೆ ಇಡಾಕ ಮತ್ತ ಹುಟ್ಟಿದ ಹೊಳಿಗೇ ಏರಿ ಬರೋ ಮೀನು ಅದು. ಸಮುದ್ರಕ್ಕ ಹೋಗದೆ ಹೊಳಿಯಾಗೇ ಉಳಿದ್ರ ಅದೇ ಜಾತಿಗೆ ರೇನ್‌ಬೋ ಟ್ರೌಟ್ ಅಂತಾರ. ಮೂರು ಶನಿವಾರ ಬರಿಗೈಲಿ ಬಂದವನಿಗೆ ನಾಲ್ಕನೇ ವಾರ ಒಂದು ಸಿಕ್ಕಿತು. ಸಿಕ್ಕಿದ್ದನ್ನ ನೀರಿನಿಂದ ಎತ್ತದೇನೇ ಗಾಳ ಬಿಚ್ಚಿ ವಾಪಸ್ ಬಿಟ್ಟ. "ಯಾಕೋ?" ಅಂತ ಫೋನ್ ಮಾಡಿ ಕೇಳಿದೆ. "ಮಾಮಾ, ಬೆನ್ನಿನ ಮೇಲೆ ಬಾಲದ ಹತ್ರ ಒಂದು ಸಣ್ಣ ರೆಕ್ಕೆ ಇರ್ತದ. ಅದನ್ನ ಕತ್ತರಿಸಿದ್ರ ಮರಿ ಕೇಂದ್ರದಾಗ ಸಾಕಿ ಬಿಟ್ಟ ಮೀನು, ಮನಿಗೆ ಒಯ್ಯಬಹುದು. ರೆಕ್ಕೆ ಪೂರ್ತಿ ಇದ್ರ ಹೊಳಿಯಾಗೇ ಹುಟ್ಟಿದ್ದು, ಬಿಡಬೇಕು. ನಾ ಹೋದ ಹೊಳಿಯಾಗ ಅದೇ ಕಾನೂನು" ಅಂದ. ಗಾಳದ ತುದಿಯಾಗ ಮೀನಿನ ಬಾಯಿ ಹರಿಯೋ ಹಿಮ್ಮುಳ್ಳು ಕೂಡ ಇರಲಿಲ್ಲ.

ಊರ ಕಟ್ಟಿ ಮೇಲೆ ವಿಡಿಯೋ ತೋರಿಸಿದ್ರ ಎಲ್ಲರೂ ನಕ್ಕರು. ಹಿಡಿದ ಮೀನು ಬಿಡಾಕ ಅಷ್ಟು ದೂರ ಹೋಗಬೇಕೇನು, ಇಲ್ಲೇ ನಮ್ಮ ಹಳ್ಳಕ್ಕ ಬಂದಿದ್ರ ಹಿಡಿಯೋ ತ್ರಾಸೇ ಇರ್ತಿರಲಿಲ್ಲ, ಮೀನೇ ಇಲ್ಲ ಅಂತ ಒಬ್ಬ ಅಂದ. ಆ ಮಾತಿಗೆ ಇನ್ನೂ ಜೋರು ನಗು. ನನಗ ಮಾತ್ರ ಅದು ಚುಚ್ಚಿತು. ಯಾಕಂದ್ರ ಮೀನಿಲ್ಲದಂಗ ಮಾಡಿದವರೊಳಗ ನಾನೂ ಒಬ್ಬ, ನನ್ನ ಮಗನೂ ಒಬ್ಬ.

ನಮ್ಮ ಕಡೆನೂ ಏರು ಮೀನು ಐತಿ ಸ್ನೇಹಿತರೇ. ಸಮುದ್ರದಿಂದ ಬರೋದಲ್ಲ, ಅಷ್ಟೇ ವ್ಯತ್ಯಾಸ. ಸಿಂಧನೂರು ತಾಲೂಕಿನ ದಕ್ಷಿಣದ ಅಂಚಿಗೆ ತುಂಗಭದ್ರಾ, ಲಿಂಗಸೂಗೂರಿನ ಉತ್ತರದ ಅಂಚಿಗೆ ಕೃಷ್ಣಾ. ನಡುವೆ ನಮ್ಮ ಮಸ್ಕಿ ಹಳ್ಳ, ಸಿಂಧನೂರು ಹಳ್ಳ, ಹೆಸರಿಲ್ಲದ ಸಣ್ಣ ಸಣ್ಣ ಹಳ್ಳ ನೂರಾರು. ಬ್ಯಾಸಿಗಿಯಾಗ ಮೀನು ಹೊಳಿಯ ಆಳದ ಮಡುವಿನಾಗ ಸೇರ್ಕೊಂಡಿರ್ತಾವ. ಮುಂಗಾರಿನ ಮೊದಲ ಕೆಂಪು ನೀರು ಬಂತಂದ್ರ, ಆ ಹೊಸ ಮಣ್ಣಿನ ವಾಸನೆಗೆ ಏನೋ, ನೀರಿನ ತಂಪಿಗೆ ಏನೋ, ಹೊಟ್ಟಿ ತುಂಬ ಮೊಟ್ಟೆ ಇಟ್ಕೊಂಡು ಎದುರು ನೀರಿಗೆ ಈಜ್ತಾವ. ಹೊಳಿಯಿಂದ ಹಳ್ಳಕ್ಕ, ಹಳ್ಳದಿಂದ ನೀರು ನಿಂತ ಹುಲ್ಲಿನ ಜಾಗಕ್ಕ, ಕೆಲವು ಸಲ ನಮ್ಮ ಗದ್ದಿ ಬದುವಿನ ತನಕ. ಅಲ್ಲಿ ಮೊಟ್ಟೆ ಬಿಟ್ಟು, ಮರಿ ಆಗಿ, ನೀರು ಇಳಿಯೋ ಹೊತ್ತಿಗೆ ಮರಿಗಳು ಹೊಳಿಗೆ ವಾಪಸ್. ಒಂದು ಕೆಜಿ ತೂಗೋ ರೋಹು ಜಾತಿ ಹೆಣ್ಣು ಮೀನಿನ ಹೊಟ್ಟಿಯಾಗ ಲಕ್ಷಕ್ಕೂ ಮೇಲೆ ಮೊಟ್ಟೆ ಇರ್ತಾವ. ಅದರಾಗ ಬದುಕಿ ದೊಡ್ಡದಾಗೋದು ಬೆರಳೆಣಿಕೆ. ಆದರೂ ಸಾವಿರಾರು ವರ್ಷ ಸಾಕಾಗಿತ್ತು.

ಈಗ ಮಿರಗದ ದಿನ ನೆನಪು ಮಾಡ್ಕೊಳ್ರಿ. ಜೂನ್ 7-8ರ ಸುಮಾರಿಗೆ ಮೃಗಶಿರಾ ಮಳೆ ಕೂಡತದ. ಆವತ್ತು ಮೀನು ತಿಂದ್ರ ಉಬ್ಬಸ, ಕೆಮ್ಮು ಬರಂಗಿಲ್ಲ ಅಂತ ನಮ್ಮ ಹೈದರಾಬಾದ್ ಕರ್ನಾಟಕದಾಗ, ತೆಲಂಗಾಣದಾಗ ನಂಬಿಕೆ. ಹೈದರಾಬಾದಿನಾಗ ಬತ್ತಿನಿ ಮನೆತನದವರು ಅದೇ ಹೊತ್ತಿಗೆ ಜೀವಂತ ಕೊರಮೀನಿನ ಮರಿ ಬಾಯಾಗ ಔಷಧ ಇಟ್ಟು ಜನರಿಗೆ ನುಂಗಿಸ್ತಾರ. ಸಿಂಧನೂರು, ಮಸ್ಕಿ ಸಂತಿಯಾಗ ಆವತ್ತು ಮೀನಿನ ರೇಟು ಕೇಳೋ ಹಂಗಿಲ್ಲ. ನಂಬಿಕೆ ಬಗ್ಗೆ ನಾ ವಾದ ಮಾಡಾಂಗಿಲ್ಲ, ನಮ್ಮವ್ವನೂ ನಮಗ ತಿನ್ನಿಸ್ಯಾಳ. ನಾ ಹೇಳೋದು ಇಷ್ಟು: ವರ್ಷದಾಗ ಮೀನನ್ನ ಮುಟ್ಟಬಾರದ ದಿನ ಯಾವುದು ಅಂತ ಮೀನನ್ನೇ ಕೇಳಿದ್ರ ಅದು ಮಿರಗದ ದಿನಾನೇ ತೋರಸ್ತಿತ್ತು. ಅದೇ ದಿನ ನಾವೆಲ್ಲ ಬುಟ್ಟಿ ಹಿಡ್ಕೊಂಡು ಹೊಂಡತೀವಿ.

ಹಂಗಾರ ಹಿಂದಿನವರು ಹಿಡೀತಿರಲಿಲ್ಲೇನು? ಹಿಡೀತಿದ್ರು. ಇಲ್ಲೇ ನನ್ನ ಮಾತು ಶುರು.

ನಾ ಸಣ್ಣವನಿದ್ದಾಗ ನಮ್ಮೂರಾಗ ಒಬ್ಬ ಅಂಬಿಗರ ತಾತ ಇದ್ದ. ಮೂಲ ಹೊಳಿ ದಂಡಿಯವನು, ಮಗಳ ಮನಿಗೆ ಬಂದು ಉಳಿದಿದ್ದ. ಸಾಲಿ ಬಿಟ್ಟ ಮೇಲೆ ನಾ ಅವನ ಹಿಂದಿಂದೆ. ಅವನ ಬೀಸು ಬಲೆ ಹತ್ತಿ ನೂಲಿಂದು, ತಾನೇ ಹೆಣೆದದ್ದು. ಮರದ ಚಕ್ಕೆ ಕುದಿಸಿದ ಕಂದು ಬಣ್ಣದ ನೀರಾಗ ಅದ್ದಿ ಒಣಗಿಸ್ತಿದ್ದ, ಇಲ್ಲಂದ್ರ ನೂಲು ಲಗೂನ ಕೊಳೀತದ. ಎರಡು ದಿನ ಹಿಡಿದ್ರ ಒಂದು ದಿನ ಒಣಗಿಸಬೇಕು, ಅರ್ಧ ದಿನ ಹರಿದದ್ದು ಹೊಲೀಬೇಕು. ಬಲೆಯ ಕಣ್ಣಿಗೆ ಮೂರು ಬೆರಳು, ನಾಲ್ಕು ಬೆರಳು ಅಂತ ಅಳತಿ. ಸಣ್ಣ ಕಣ್ಣು ಯಾಕ ಹಾಕಂಗಿಲ್ಲ ತಾತಾ ಅಂದ್ರ "ನೂಲು ಯಾರಪ್ಪ ಕೊಡ್ತಾನ?" ಅಂತಿದ್ದ. ಕಣ್ಣು ಸಣ್ಣ ಆದಷ್ಟು ನೂಲು ಜಾಸ್ತಿ, ಹೆಣೆಯೋ ದಿನ ಜಾಸ್ತಿ, ನೀರಾಗ ಎಳೆಯಾಕ ಭಾರ ಜಾಸ್ತಿ. ಮರಿ ಮೇಲಿನ ಕರುಣೆಯಿಂದ ಅಲ್ಲ, ಖರ್ಚಿನ ಲೆಕ್ಕದಿಂದ ಮರಿ ಉಳೀತಿತ್ತು.

ಕೆಂಪು ನೀರು ಬಂದಾಗ ತಾತ ಬಲೆ ಗೂಟಕ್ಕ ಹಾಕಿ ಮನಿಯಾಗ ಕೂಡ್ತಿದ್ದ. ಕಸ, ಮುಳ್ಳು, ಬಾರಿಗಿಡದ ಕಂಟಿ ಎಲ್ಲಾ ತೇಲಿ ಬರೋ ಆ ನೀರಾಗ ಹತ್ತಿ ಬಲೆ ಹಾಕಿದ್ರ ಒಂದೇ ಏಟಿಗೆ ಚಿಂದಿ. ಹರಿಗೋಲು ಆ ಸೆಳವಿಗೆ ನಿಲ್ಲಂಗಿಲ್ಲ. ಹರಿಗೋಲು ಅಂದ್ರ ಹೊಸದೇನಲ್ಲ, ವಿಜಯನಗರಕ್ಕ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಕೂಡ ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ ದುಂಡನೆ ದೋಣಿ ಬಗ್ಗೆ ಬರೆದಾನ. ನಮ್ಮ ತಾತನ ಕಾಲಕ್ಕ ತೊಗಲು ಹೋಗಿ ಡಾಂಬರು ಬಳಿದ ತಾಡಪತ್ರಿ ಬಂದಿತ್ತು, ಈಗ ಫೈಬರ್. ಇರಲಿ. ಮಿರಗದಿಂದ ಆಷಾಢ ಕಳೆಯೋ ತನಕ ತಾತ ಬೇರೆಯವರ ಹೊಲಕ್ಕ ಬಿತ್ತಾಕ, ಕಳೆ ತೆಗೆಯಾಕ ಹೋಗ್ತಿದ್ದ. ನೀರು ತಿಳಿ ಆದ ಮೇಲೆ ಬಲೆ ಇಳೀತಿತ್ತು. ಅಷ್ಟೊತ್ತಿಗೆ ಮೀನು ಏರಿ, ಮೊಟ್ಟೆ ಇಟ್ಟು, ಇಳಿದು ಆಗಿರ್ತಿತ್ತು.

ಇದನ್ನ ಯಾಕ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರ, ಹಳೆ ಕಾಲದವರು ಪುಣ್ಯವಂತರು, ಈಗಿನವರು ಪಾಪಿಗಳು ಅಂತ ಬರೆಯೋದು ಫೇಸ್‌ಬುಕ್ಕಿನಾಗ ಸಲೀಸು. ಅದು ಸುಳ್ಳು. ಕಾರೆಕಾಯಿ ಅರೆದು, ಕಳ್ಳಿ ಹಾಲು ಹಿಂಡಿ ಮಡುವಿಗೆ ವಿಷ ಹಾಕೋದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ವಿಷ ಮತ್ತು ಸಿಡಿಮದ್ದು ಹಾಕಿ ಮೀನು ಹಿಡಿಯೋದನ್ನ ಬ್ರಿಟಿಷರು 1897ರ ಮೀನುಗಾರಿಕೆ ಕಾಯ್ದೆಯಾಗ ಅಪರಾಧ ಮಾಡಿದ್ರು ಅಂದ ಮ್ಯಾಲೆ ಆ ಕಾಲಕ್ಕೇ ಅದು ಎಷ್ಟಿರಬೇಕು ನೋಡ್ರಿ. ಹಿಂದಿನವರಿಗೂ ಆಸೆ ಇತ್ತು. ಆದರ ಅವರ ಬಲೆಗೆ ಸುಸ್ತು ಇತ್ತು. ಆ ಸುಸ್ತೇ ಮೀನಿಗೆ ರಜೆ ಆಗಿತ್ತು.

ಗಾಳದ ಮಾತು ಬ್ಯಾರೆ. ಗಾಳ ಅಂದ್ರ ಬುದ್ಧಿ ಕೆಲಸ. ಬಿದಿರು ಕೋಲು, ಜೋಳದ ದಂಟಿನ ಬೆಂಡು, ಎರೆಹುಳ. ಹುಳಕ್ಕ ಬರದ ಮೀನಿಗೆ ಜೋಳದ ಹಿಟ್ಟಿನ ಉಂಡಿ, ಕೊರಮೀನಿಗೆ ಜೀವಂತ ಕಪ್ಪೆ. ಬಾಳೆ ಮೀನು ರಾತ್ರಿ ದಂಡಿ ಹತ್ರ ಬರ್ತದ ಅಂತ ತಾತ ಕಂದೀಲು ಇಲ್ಲದೆ ಕೂಡ್ತಿದ್ದ. ನಮ್ಮ ಈ ಭಾಗದ ರಾಜ, ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, 12ನೇ ಶತಮಾನದಾಗ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಾಗ ಗಾಳ ಹಾಕೋದಕ್ಕೇ ಒಂದು ಅಧ್ಯಾಯ ಐತಿ, ಮತ್ಸ್ಯವಿನೋದ ಅಂತ. ಯಾವ ಮೀನಿಗೆ ಯಾವ ಎರೆ, ಕೋಲು ಹೆಂಗಿರಬೇಕು, ದಾರ ಹೆಂಗಿರಬೇಕು ಅಂತ ರಾಜನೇ ಬರೆದಾನ. ಬಸವಕಲ್ಯಾಣದಿಂದ ಆಳಿದ ದೊರೆಗೆ ಗೊತ್ತಿದ್ದ ವಿದ್ಯೆ ಒರೆಗಾನಿನ ಕಂಪ್ಯೂಟರ್ ಹುಡುಗನ ಕೈಯಾಗ ಐತಿ, ನಮ್ಮ ಹುಡುಗರ ಕೈಯಾಗ ಇಲ್ಲ.

ಇನ್ನ ಡ್ಯಾಮಿನ ವಿಷಯ. ತುಂಗಭದ್ರಾ ಅಣೆಕಟ್ಟು 1945ರಾಗ ಶುರುವಾಗಿ 1953ಕ್ಕ ನೀರು ನಿಂತಿತು. ಎಡದಂಡೆ ಕಾಲುವೆ ನಮ್ಮ ಸಿಂಧನೂರಿನ ಅನ್ನ. ಹೊಸಪೇಟೆ ಹತ್ರ ಗೋಡೆ ಬಿದ್ದ ಮೇಲೆ ಕೆಳಗಿನ ಮೀನು ಮೇಲಕ್ಕ ಹೋಗೋ ದಾರಿ ಬಂದ್. ಮಹಶೀರ್ ಅಂತ ದೊಡ್ಡ ಹೊಳಿ ಮೀನು, ದೂರ ಏರಿ ಹೋಗಿ ಕಲ್ಲಿನ ಜಾಗದಾಗ ಮೊಟ್ಟೆ ಇಡೋ ಜಾತಿ, ತಾತ ಮಾತಿನಾಗ ಮಾತ್ರ ಕೇಳೀನಿ, ಕಣ್ಣಿಂದ ನೋಡಿಲ್ಲ. ಆ ಕಡೆ ಕೃಷ್ಣಾಕ್ಕ ನಾರಾಯಣಪುರ ಡ್ಯಾಮು. ಅಲ್ಲಿ ಗೇಟು ಎತ್ತಿದ್ರ ಲಿಂಗಸೂಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗ್ತದ, ನಡುಗಡ್ಡಿ ಜನ ಆ ಕಡೆಯೇ ಉಳೀತಾರ. ಗೇಟು ಇಳಿಸಿದ್ರ ಬಂಡೆ ಕಾಣ್ತಾವ. ಮೀನಿಗೆ ಮಳೆ ನಂಬಿ ಏರೋ ಅಭ್ಯಾಸ, ಈಗ ಹೊಳಿ ನಡೆಯೋದು ಗೇಟಿನ ಲೆಕ್ಕದ ಮೇಲೆ. ಅಮೆರಿಕಾದಾಗ ಕ್ಲಾಮತ್ ಅನ್ನೋ ಹೊಳಿಯ ನಾಲ್ಕು ಡ್ಯಾಮು 2024ರ ಹೊತ್ತಿಗೆ ಒಡೆದು ತೆಗೆದ್ರಂತ, ಮೀನು ಮತ್ತ ಮೇಲಕ್ಕ ಹೋಗ್ಯಾವಂತ. ನಮ್ಮ ಅಳಿಯ ಅದನ್ನೂ ಕಳಿಸಿದ್ದ. ಓದಿದೆ, ಸುಮ್ಮನಾದೆ. ನಾ ಡ್ಯಾಮು ಬ್ಯಾಡ ಅನ್ನಂಗಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ನಮ್ಮ ಮನಿಯಾಗ ಯಾರೂ ಉಂಡಿಲ್ಲ. ಡ್ಯಾಮು ಬಿಟ್ಟು ನಮಗ ಬದುಕಿಲ್ಲ. ಅದಕ್ಕೇ ಹೇಳೋದು, ಡ್ಯಾಮಿನಿಂದ ಅರ್ಧ ದಾರಿ ಕಳ್ಕೊಂಡ ಮೀನಿಗೆ ಉಳಿದ ಅರ್ಧ ದಾರಿನಾರ ಬಿಡಬೇಕು ಅಂತ.

ಕಾಲುವೆ ನಮ್ಮ ಹಳ್ಳನೂ ಬದಲಾಯಿಸಿತು. ಹಿಂದ ಬ್ಯಾಸಿಗಿಯಾಗ ಒಣಗೋ ಹಳ್ಳಕ್ಕ ಗದ್ದಿಯ ಬಸಿ ನೀರು ಬಂತು. ಆ ನೀರಿನ ಜೊತಿ ನಾವು ಹೊಡೆಯೋ ಔಷಧ, ಯೂರಿಯಾನೂ ಬಂತು. ಅದು ನಮ್ಮದೇ ಕೈ, ಅದರ ಬಗ್ಗೆ ಬ್ಯಾರೆನೇ ಬರೀಬೇಕು. ಕ್ಯಾಂಪುಗಳು ಬಂದ್ವು. ಆಂಧ್ರದಿಂದ ಬಂದವರು ಗದ್ದಿ ಪಕ್ಕ ಹೊಂಡ ತೋಡಿ ಮೀನು ಸಾಕೋದು ತೋರಿಸಿದ್ರು. ಪೂರ್ವ ಪಾಕಿಸ್ತಾನದಿಂದ, ಅಂದ್ರ ಈಗಿನ ಬಾಂಗ್ಲಾದೇಶದಿಂದ, ನಿರಾಶ್ರಿತರಾಗಿ ಬಂದ ಬಂಗಾಲಿ ಜನ ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಾಗ ನೆಲೆಸಿದ್ರು. ಮೀನಿಲ್ಲದೆ ಅವರಿಗೆ ಊಟ ಇಳಿಯಂಗಿಲ್ಲ. ಮೀನನ್ನ ಸಾಸಿವೆ ಅರೆದು ಮಾಡೋದು ನಾ ಮೊದಲು ತಿಂದದ್ದು ಅಲ್ಲಿನ ಒಬ್ಬ ಗೆಳೆಯನ ಮನಿಯಾಗ. ಒಂದು ಮೀನಿನಾಗ ತಲಿ ಬ್ಯಾರೆ, ಹೊಟ್ಟಿ ಬ್ಯಾರೆ, ಬಾಲ ಬ್ಯಾರೆ ಅಡಿಗಿ. ರೋಹು, ಕಟ್ಲಾ, ಮೃಗಾಲ ಇವೆಲ್ಲ ಗಂಗಾ ಕಡೆಯ ಮೀನು, ನಮ್ಮ ಕೆರಿ, ಡ್ಯಾಮಿಗೆ ಮರಿ ತಂದು ಬಿಟ್ಟದ್ದು. ಈಗ ಸಂತಿಯಾಗ ಮೀನು ಅಂದ್ರ ಅವೇ. ಹೊಳಿ ಮೀನು ಕೇಳಿದ್ರ ಮಾರೋನು ಮುಖ ನೋಡ್ತಾನ.

ಈ ನಡುವೆ ನೈಲಾನ್ ಬಂತು. ನಾ ಸಾಲಿಗೆ ಹೋಗೋವಾಗ ತಾತಗ ಅವನ ಅಳಿಯ ಒಂದು ನೈಲಾನ್ ಬಲೆ ತಂದುಕೊಟ್ಟ. ತಾತ ಅದನ್ನ ಮೂಸಿ ನೋಡಿ, ಹಲ್ಲಿನಿಂದ ಕಚ್ಚಿ ನೋಡಿ, "ಇದು ಕೊಳೀತದೇನು?" ಅಂದ. ಇಲ್ಲ ಅಂದ್ರು. "ಒಣಗಿಸಬೇಕೇನು?" ಬ್ಯಾಡ ಅಂದ್ರು. ತಾತ ಖುಷಿ ಪಟ್ಟ. ನನಗೂ ಖುಷಿ. ಯಾರಿಗೆ ಗೊತ್ತಿತ್ತು. ಆಮೇಲೆ ತಂಗೂಸಿ ದಾರದ ತೆಳ್ಳನೆ ಬಲೆ ಬಂತು, ನೀರಾಗ ಹಾಕಿದ್ರ ನಮಗೇ ಕಾಣಂಗಿಲ್ಲ, ಮೀನಿಗೆ ಹೆಂಗ ಕಂಡೀತು? ಬೆಲೆ ಅಗ್ಗ. ಹರಿದ್ರ ಹೊಲಿಯೋದಿಲ್ಲ, ಹಳ್ಳದಾಗೇ ಬಿಡ್ತಾರ. ಬಿಟ್ಟ ಬಲೆಗೂ ಕೊಳಿಯೋದು ಗೊತ್ತಿಲ್ಲ, ಕಂಟಿಗೆ ಸಿಕ್ಕೊಂಡು ಮೀನು, ಆಮೆ, ನೀರುಹಾವು ಹಿಡೀತಾನೇ ಇರ್ತದ. ಕೊನಿಗೆ ಸೊಳ್ಳಿ ಪರದೆ. ಅದರ ಕಣ್ಣಿನಾಗ ಮೊಟ್ಟೆಯಿಂದ ಮೊನ್ನೆ ಹೊರಬಿದ್ದ ಮರಿನೂ ದಾಟಂಗಿಲ್ಲ.

ಈಗ ನನ್ನ ಪಾಲು ಹೇಳಿಬಿಡ್ತೀನಿ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಮಿರಗದ ಮೊದಲ ದೊಡ್ಡ ಮಳೆ. ನಾವು ಐದು ಹುಡುಗರು ಹಳ್ಳದ ರಸ್ತೆ ಕೆಳಗಿನ ಸಿಮೆಂಟ್ ಪೈಪಿನ ಬಾಯಿಗೆ ಸೊಳ್ಳಿ ಪರದೆ, ಅದರ ಹಿಂದ ಅವ್ವನ ಹಳೆ ಸೀರಿ ಕಟ್ಟಿದ್ವಿ. ಪೈಪಿನಾಗ ಏರೋ ಮೀನಿಗೆ ಬ್ಯಾರೆ ದಾರಿ ಇಲ್ಲ. ಬೆಳಗಾಗೋದ್ರೊಳಗ ಗೊಬ್ಬರದ ಚೀಲದಾಗ ಏಳು ಚೀಲ ಮೀನು. ಹಿಂಡಿದ್ರ ಸಾಬುದಾಣಿ ಹಂಗ ಹಳದಿ ಮೊಟ್ಟೆ ಸುರೀತಿತ್ತು. ಊರಿಗೆಲ್ಲ ಹಂಚಿದ್ವಿ, ನಮ್ಮನ್ನ ಶೂರರಂಗ ನೋಡಿದ್ರು. ಆವತ್ತು ಸಂತಿ ಇರಲಿಲ್ಲ, ಐಸ್ ಎಲ್ಲಿಂದ ಬರಬೇಕು? ಮೂರು ಚೀಲ ಸಂಜಿಗೆ ನಾರಾಕ ಹತ್ತಿತು. ತಿಪ್ಪಿಗೆ ಸುರಿದ್ವಿ. ತಾತ ತಿಪ್ಪಿ ಹತ್ರ ಬಂದು ನಿಂತು ನೋಡಿದ. ಬೈಯಲಿಲ್ಲ. "ಬೀಜದ ಜೋಳ ಕುಟ್ಟಿ ರೊಟ್ಟಿ ಮಾಡಿದ್ರಿ" ಅಂದು ಹೋದ. ರೈತನ ಮಗನಿಗೆ ಇದಕ್ಕಿಂತ ಜಾಸ್ತಿ ಹೇಳೋದೇನಿತ್ತು. ಆದರ ಮುಂದಿನ ವರ್ಷನೂ ನಾವು ಕಟ್ಟಿದ್ವಿ. ಅದರ ಮುಂದಿನ ವರ್ಷನೂ. ಏಳು ಚೀಲ ನಾಲ್ಕಾಯ್ತು, ಒಂದಾಯ್ತು, ಆಮೇಲೆ ಕಟ್ಟೋದು ದಂಡ ಅಂತ ಬಿಟ್ವಿ.

ಈಗಿಂದು ಕರೆಂಟು. ಹನ್ನೆರಡು ವೋಲ್ಟಿನ ಬ್ಯಾಟರಿ, ಅದಕ್ಕ ವೋಲ್ಟೇಜ್ ಏರಿಸೋ ಒಂದು ಡಬ್ಬಿ, ಎರಡು ಕೋಲು. ಕೋಲು ನೀರಿಗೆ ಇಳಿಸಿದ್ರ ಸುತ್ತಲಿನ ಮೀನಿನ ಮೈ ಸೆಟೆದು ಮ್ಯಾಲೆ ತೇಲ್ತಾವ, ಜಾಳಿಗಿಯಿಂದ ಎತ್ತೋದು ಅಷ್ಟೇ. ಇದರಾಗ ಇನ್ನೊಂದು ಕೆಟ್ಟದ್ದು: ಮೈ ಉದ್ದ ಇದ್ದಷ್ಟು ತಲಿಯಿಂದ ಬಾಲಕ್ಕ ಕರೆಂಟಿನ ಏಟು ಜಾಸ್ತಿ, ಅಂದ್ರ ಮೊದಲು ಸಾಯೋದು ದೊಡ್ಡ ತಾಯಿ ಮೀನು. ತಪ್ಪಿಸ್ಕೊಂಡವಕ್ಕೂ ಬೆನ್ನೆಲುಬು ಮುರಿದಿರ್ತದ. ಬ್ಯಾಟರಿ ಇಲ್ಲದವರು ಹೊಲದ ಲೈನಿಗೆ ವೈರ್ ಸಿಗಿಸ್ತಾರ. ಹಂಗ ಸಿಗಿಸಿ ನಮ್ಮ ಪಕ್ಕದ ಊರಾಗ ಒಬ್ಬ ಹುಡುಗ ಹಳ್ಳದಾಗೇ ಹೋದ. ಪಿಯುಸಿ ಓದ್ತಿದ್ದ. ಅವರಪ್ಪ ನನ್ನ ವಾರಿಗೆಯವನು, ಇವತ್ತಿಗೂ ಆ ಹಳ್ಳ ದಾಟಂಗಿಲ್ಲ, ಸುತ್ತು ಹಾಕಿ ಹೊಲಕ್ಕ ಹೋಗ್ತಾನ.

ಇಷ್ಟು ಕಂಡ ಮೇಲೂ ಹೋದ ವರ್ಷ ಶ್ರಾವಣದ ಮುಂಚೆ ನನ್ನ ಮಗನೇ ಗೆಳೆಯರ ಜೊತಿ ರೊಕ್ಕ ಕೂಡಿಸಿ ಬ್ಯಾಟರಿ ಸೆಟ್ ತಂದಿದ್ದ. ಯೂಟ್ಯೂಬಿನಾಗ ನೋಡಿ ಕಲಿತದ್ದಂತ. ಒಂದು ರಾತ್ರಿ ಕೈಯುದ್ದದ ಎರಡು ಕೊರಮೀನು ತಂದು ಅಂಗಳದಾಗ ಇಟ್ಟ. ಜೋಡಿ. ಕೊರಮೀನಿನ ಸ್ವಭಾವ ಗೊತ್ತಿಲ್ಲದವರಿಗೆ ಹೇಳ್ತೀನಿ: ಅದು ಬಾಕಿ ಮೀನಿನಂಗ ಮೊಟ್ಟೆ ಚೆಲ್ಲಿ ಹೋಗೋದಲ್ಲ. ಗಂಡು ಹೆಣ್ಣು ಎರಡೂ ಮರಿ ಕಾಯ್ತಾವ. ಮರಿಗಳು ಕೆಂಪಗ, ಮುಷ್ಟಿ ಕುಂಕುಮ ನೀರಾಗ ತೇಲಿದಂಗ ಗುಂಪಾಗಿ ಓಡಾಡ್ತಾವ, ಕೆಳಗ ತಾಯಿ-ತಂದಿ. ಕಪ್ಪೆ ಹತ್ರ ಬಂದ್ರ ಮೇಲೆದ್ದು ಹೊಡೀತಾವ. ಆ ಸಿಟ್ಟನ್ನೇ ಬಳಸ್ಕೊಂಡು ಕಪ್ಪೆ ಸಿಗಿಸಿದ ಗಾಳ ಹಾಕಿ ಹಿಡಿಯೋರೂ ಇದ್ರು, ನಮ್ಮ ತಾತ ಮಾತ್ರ ಕೆಂಪು ಗುಂಪು ಕಂಡ್ರ ಗಾಳ ಎತ್ತಿಬಿಡ್ತಿದ್ದ. ನಮ್ಮ ಹೊಲದ ಹಿಂದಿನ ಮಡುವಿನಾಗ ಆ ವಾರ ಕೆಂಪು ಗುಂಪು ಓಡಾಡೋದನ್ನ ನಾ ದಿನಾ ನೋಡ್ತಿದ್ದೆ. ಮರುದಿನ ಹೋದ್ರ ಗುಂಪು ಚದುರಿ ಹುಲ್ಲಿನ ಸಂದಿಗೆ ಹತ್ತಿತ್ತು, ಬೆಳ್ಳಕ್ಕಿ ನಿಂತು ಆರಿಸಿ ತಿಂತಿದ್ವು. ಮೂರನೇ ದಿನ ಒಂದೂ ಇಲ್ಲ. ಮನಿಗೆ ಬಂದು ಮಗನ ಮೇಲೆ ಕೂಗಾಡಿದೆ. "ನೀವು ಏಳು ಚೀಲ ಹಿಡೀಲಿಲ್ಲೇನಪ್ಪ?" ಅಂದ. ನನ್ನ ಕಥಿ ನಾನೇ ಅವನಿಗೆ ಹೆಮ್ಮೆಯಿಂದ ಹೇಳಿದ್ದು.

ಇನ್ನ ನನ್ನ ಅಭಿಪ್ರಾಯ. ಬಲೆ ಬಂದ್ ಮಾಡ್ರಿ ಅಂತ ನಾ ಹೇಳಂಗಿಲ್ಲ, ಹತ್ತಿ ಬಲೆಗೆ ವಾಪಸ್ ಹೋಗ್ರಿ ಅಂತಾನೂ ಇಲ್ಲ. ಟ್ರ್ಯಾಕ್ಟರ್ ಬಿಟ್ಟು ಎತ್ತು ಹೂಡ್ರಿ ಅಂದ್ರ ನಾನೇ ಹೂಡಂಗಿಲ್ಲ. ಆದರ ಹಿಂದ ಬಲೆಯ ಸುಸ್ತಿನಿಂದ ತಾನಾಗೇ ಸಿಗ್ತಿದ್ದ ರಜೆಯನ್ನ ಈಗ ನಾವೇ ಎದ್ದು ಕೊಡಬೇಕು. ಜೂನ್, ಜುಲೈ ಎರಡು ತಿಂಗಳು ಹಳ್ಳ ಮತ್ತು ಹೊಳಿಯಾಗ ಯಾವ ಬಲೆನೂ ಇಳಿಸಬಾರದು. ಕರಾವಳಿಯಾಗ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಸಮುದ್ರಕ್ಕ ಇಳಿಯಂಗಿಲ್ಲ. ಅಷ್ಟು ದೊಡ್ಡ ಸಮುದ್ರಕ್ಕೇ ಬಿಡುವು ಬೇಕಾದ್ರ ಮಾರುದ್ದದ ಹಳ್ಳಕ್ಕ ಬ್ಯಾಡೇನು?

ಇದು ಬ್ಯಾರೆ ದೇಶದ ವಿಚಾರ ಅನ್ನೋರಿಗೆ ನಮ್ಮ ಮಸ್ಕಿ ಗುಡ್ಡ ತೋರಿಸ್ತೀನಿ. 1915ರಾಗ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಕಂಡುಹಿಡಿದ ಶಾಸನದಾಗ ಅಶೋಕ ಅನ್ನೋ ಹೆಸರೇ ಐತಿ ಅಂತ ನಾವೆಲ್ಲ ಎದಿ ಉಬ್ಬಿಸಿ ಹೇಳ್ತೀವಿ. ಅದೇ ಅಶೋಕನ ಇನ್ನೊಂದು ಶಾಸನ, ಈಗ ದೆಹಲಿಯಾಗ ನಿಂತಿರೋ ಕಂಬದ ಮೇಲೆ, ಚಾತುರ್ಮಾಸದ ಹುಣ್ಣಿಮೆ ಮತ್ತು ಅದರ ಹಿಂದಿನ ಮುಂದಿನ ದಿನ, ಇನ್ನೂ ಕೆಲವು ವ್ರತದ ದಿನ ಮೀನು ಕೊಲ್ಲಬಾರದು, ಮಾರಬಾರದು ಅಂತ ಹೇಳ್ತದ. ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಮಾತು. ಅವನು ಮೊಟ್ಟೆ ಲೆಕ್ಕ ಹಾಕಿ ಹೇಳಿದ್ನೋ, ಧರ್ಮಕ್ಕ ಹೇಳಿದ್ನೋ, ಮೀನಿಗಂತೂ ಕೆಲವು ದಿನ ಬಿಡುವು ಬರೆದಿಟ್ಟ.

ಎದುರು ಮಾತು ನನಗ ಗೊತ್ತೈತಿ. ಎರಡು ತಿಂಗಳು ಅಂಬಿಗರ ಮನಿ ಒಲಿ ಹೆಂಗ ಹತ್ತಬೇಕು ಅಂತ. ಇದು ನಿಜವಾದ ಪ್ರಶ್ನೆ, ಕಟ್ಟಿ ಮೇಲೆ ಕೂತು ಉತ್ತರ ಕೊಡೋದಲ್ಲ. ಮೀನು ಹಿಡಿಯೋ ನಿಷೇಧದ ಕಾಲಕ್ಕ ಅಂತ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಾಗ ಒಂದು ದಾರಿ ಐತಿ: ಮೀನುಗಾರ 1,500 ರೂಪಾಯಿ ಕಟ್ಟಿದ್ರ ಸರ್ಕಾರ 3,000 ಸೇರಿಸಿ ಮೂರು ತಿಂಗಳಿಗೆ ಹಂಚಿ ಕೊಡ್ತದ. ಕೂಡಿ 4,500. ಅಂದ್ರ ಮೂರು ಚೀಲ ಡಿಎಪಿ ರೊಕ್ಕ. ಇಷ್ಟರಾಗ ಒಂದು ಮನಿ ಮೂರು ತಿಂಗಳು ನಡೆಯಂಗಿಲ್ಲ ಅಂತ ರೈತರಾದ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳೆ ಪರಿಹಾರ ಕಡಿಮಿ ಬಂದಾಗ ನಾವು ರಸ್ತೆಗೆ ಇಳೀತೀವಿ. ಅಂಬಿಗರ ಪರವಾಗಿ ಒಂದು ಸಲನಾರ ನಮ್ಮ ರೈತ ಸಂಘಟನೆಗಳು ಮನವಿ ಕೊಟ್ಟಾವೇನು? ಕೊಡಬೇಕು. ಇನ್ನೊಂದು ಮಾತೂ ಹೇಳಬೇಕು, ಏರು ಮೀನನ್ನ ಜಾಸ್ತಿ ಹಿಡಿಯೋರು ಅಂಬಿಗರಲ್ಲ. ಅವರಿಗೆ ಮೀನೇ ಹೊಲ, ಬೀಜ ಉಳಿಸೋದು ಗೊತ್ತೈತಿ. ಸೊಳ್ಳಿ ಪರದೆ, ಬ್ಯಾಟರಿ, ಜಿಲೆಟಿನ್ ಕಡ್ಡಿ ಇವೆಲ್ಲ ನಮ್ಮಂಥ ಹೊಲ ಇದ್ದವರ ಮಕ್ಕಳ ಕೈಯಾಗ, ರಾತ್ರಿ ಮೋಜಿಗೆ. ಮೋಜು ಬಿಟ್ರ ಯಾರ ಒಲಿನೂ ಆರಂಗಿಲ್ಲ.

ಮಡುವಿನ ಮರಳು ತೆಗೆಯೋದು ಇನ್ನೊಂದು ದೊಡ್ಡ ಕಥಿ. ಬ್ಯಾಸಿಗಿಯಾಗ ಮೀನು ಜೀವ ಹಿಡ್ಕೊಳ್ಳೋ ಜಾಗ ಅದು, ಮಡು ಹೋದ್ರ ಏರಾಕ ಮೀನೇ ಉಳಿಯಂಗಿಲ್ಲ. ಅದು ನನ್ನ ಕೈ ಮೀರಿದ್ದು, ಹೆಸರು ಬರೆದ್ರ ಜೀವಕ್ಕ ಕುತ್ತು. ನನ್ನ ಕೈಯಾಗ ಇರೋದು ನಮ್ಮ ಹೊಲದ ಹಿಂದಿನ ಒಂದು ಪೈಪು ಮತ್ತು ನಮ್ಮ ಮನಿಯ ಒಂದು ಬ್ಯಾಟರಿ.

ಹೋದ ವಾರ ಪೈಪಿನ ಬಾಯಿಗೆ ಹೋದ ವರ್ಷದ ಬಲೆ ಸಿಕ್ಕೊಂಡಿದ್ದನ್ನ ಮಗನೇ ಇಳಿದು ಕತ್ತರಿಸಿ ತೆಗೆದ. ಒಳಗ ಒಂದು ಆಮೆ ಚಿಪ್ಪು ಇತ್ತು, ಆಮೆ ಇರಲಿಲ್ಲ. ಮಾತಾಡದೆ ದಂಡಿ ಮೇಲೆ ಇಟ್ಟ. ಸಂಜಿಗೆ ಊಟಕ್ಕ ಕೂತಾಗ ಕೇಳಿದ, "ಹಂಗಾರ ಮಿರಗದ ದಿನ ಮನಿಯಾಗ ಏನು ಮಾಡೋದು?" ಅವರವ್ವ ಒಲಿ ಹತ್ರ ಕೂತಲ್ಲಿಂದಲೇ "ಕ್ಯಾಂಪಿನ ಹೊಂಡದಾಗ ಎರಡು ಕೆಜಿ ರೋಹು ಹೇಳಿ ಬಾ, ತಡ ಮಾಡಿದ್ರ ರೇಟು ಏರ್ತದ" ಅಂದ್ಲು. ಹೇಳಿ ಬಂದಾನ. ಬ್ಯಾಟರಿ ಈಗ ಔಷಧ ಹೊಡೆಯೋ ಪಂಪಿಗೆ ಹಾಕೇವಿ. ಎರಡು ಟ್ಯಾಂಕಿಗೇ ಚಾರ್ಜ್ ಮುಗೀತದ, ಹೊಸದು ತರಬೇಕು.